ನಡುಬೆನ್ನಿನ ಹೊಲಿಗೆ

ಮತ್ರಾದ ಸೂಕಿನ ಹಿಂದಿನ ಓಣಿಯಲ್ಲಿ
ಮೂರು ಮಿಷನ್ನು, ಒಂದು ಇಸ್ತ್ರಿ, ಒಂದು ನಿಲುಗನ್ನಡಿ.
ಇಪ್ಪತ್ತಾರು ವರ್ಷದಿಂದ
ಒಮಾನಿಗಳ ಕತ್ತು ಅಳೆಯುತ್ತಿದ್ದೇನೆ,
ಬಿಳಿ ದಿಶ್ದಾಶದ ಕೊರಳಿಗೆ ಕುಚ್ಚು ಕಟ್ಟುತ್ತಿದ್ದೇನೆ.

ಝುಲೈಖಾ ಕಾಲೇಜು ಮುಗಿಸಿ ಬಂದು
ಕತ್ತರಿ ಮೇಜಿನ ಮೂಲೆಯಲ್ಲೇ ಓದುತ್ತಾಳೆ.
ಎಸಿ ಉಂಟಲ್ಲ, ಅದಕ್ಕೆ.
ನರ್ಸಿಂಗ್ ಮೊದಲ ವರ್ಷ. ಪುಸ್ತಕ ತೆರೆದರೆ
ಚರ್ಮ ಸುಲಿದ ಮನುಷ್ಯ, ಅಂಗೈ ಮುಂದಕ್ಕೆ ಮಾಡಿ
ಏನೂ ಬಚ್ಚಿಟ್ಟಿಲ್ಲ ಅನ್ನುವ ಹಾಗೆ ನಿಂತಿದ್ದಾನೆ.

"ಉಪ್ಪಾ, ಹೀಗೆ ನಿಂತ ಮೇಲೆಯೇ ಲೆಕ್ಕ ಶುರು.
ಎಡ ಅಂದರೆ ಅವನ ಎಡ, ನೋಡುವವರದ್ದಲ್ಲ."
ಗಿರಾಕಿಯನ್ನು ಕನ್ನಡಿ ಮುಂದೆ ನಿಲ್ಲಿಸಿ
ಮೊದಲ ವರ್ಷ ನಾನೆಷ್ಟು ಜೇಬು ತಪ್ಪು ಬದಿಗೆ ಹೊಲಿದೆನೋ
ಅವಳಿಗೆ ಹೇಳಲಿಲ್ಲ.

ಸಜಿಟಲ್, ಅಂದಳು. ಮೈಯನ್ನು ಎಡಬಲ ಸೀಳುವ ಗೆರೆ.
ನಡುಬೆನ್ನಿನ ಹೊಲಿಗೆ, ಅಂದೆ.
ಕರೋನಲ್: ಎದೆ ಒಂದು ಕಡೆ, ಬೆನ್ನು ಒಂದು ಕಡೆ.
ಪಕ್ಕದ ಹೊಲಿಗೆ, ಕಂಕುಳಿಂದ ಕೆಳಗೆ.
ಟ್ರಾನ್ಸ್‌ವರ್ಸ್? ಪ್ಯಾಂಟಿನ ಸೊಂಟಪಟ್ಟಿ, ಬಿಡು.
ಪ್ರಾಕ್ಸಿಮಲ್ ತೋಳಿನ ಹೆಗಲಬಾಯಿ, ಡಿಸ್ಟಲ್ ಕಫ್ಫು.
ಅವಳು ನಗುತ್ತ ಪೆನ್ಸಿಲಿನಲ್ಲಿ ಬರೆದುಕೊಂಡಳು.
ಪರೀಕ್ಷೆಯಲ್ಲಿ ಹಾಗೇ ಬರೆದುಬಿಡಬೇಡ ಮಾರಾಯ್ತಿ.

ಒಂದು ಪುಟದಲ್ಲಿ ತಡೆದಳು. ತೊಡೆಯ ಮೇಲೆ
ಓರೆಯಾಗಿ ಇಳಿಯುವ ಕೆಂಪು ಪಟ್ಟಿ,
ಸೊಂಟದ ಎಲುಬಿನಿಂದ ಮೊಣಕಾಲ ಒಳಬದಿಗೆ.
ಮೈಯಲ್ಲೇ ಎಲ್ಲಕ್ಕಿಂತ ಉದ್ದದ ಸ್ನಾಯುವಂತೆ.
"ಸಾರ್ಟೋರಿಯಸ್. ದರ್ಜಿಯ ಸ್ನಾಯು ಅಂತ ಅರ್ಥ,
ಚಕ್ಕಳಮಕ್ಕಳ ಕೂತು ಹೊಲಿಯುವವರ ಹೆಸರು."

ನಾನಾಗ ಚಾಪೆಯ ಮೇಲೆ
ಹಾಗೇ ಕೂತು ಗುಂಡಿ ಹಚ್ಚುತ್ತಿದ್ದೆ.
ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರಿಲ್ಲ,
ಲೈಸೆನ್ಸು ಅರ್ಬಾಬನದ್ದು.
ಆದರೆ ಅರ್ಬಾಬನ ತೊಡೆಯಲ್ಲೂ,
ಬ್ಯಾಂಕಿನ ಮ್ಯಾನೇಜರನ ತೊಡೆಯಲ್ಲೂ
ನಾವೇ ಕೂತಿದ್ದೇವಲ್ಲ, ಬಾಡಿಗೆ ಇಲ್ಲದೆ!

ಜೂನಿನ ಒಂದು ಮಧ್ಯಾಹ್ನ ಓಣಿಗೆ ಕರೆಂಟಿಲ್ಲ.
ಬೋಳುಗುಡ್ಡಗಳು ಕಾವಲಿಯ ಹಾಗೆ ಕಾದಿದ್ದವು.
ಬಿಳಿ ಬಟ್ಟೆಗೆ ಬೆವರು ತಾಗದ ಹಾಗೆ
ನಾನು ಕೈ ದೂರ ಹಿಡಿದು ಒದ್ದಾಡುವಾಗ
ಅವಳದ್ದು ಪಾಠ: "ಹೊರಗೆ ನಲವತ್ತೇಳು,
ಒಳಗೆ ಮೂವತ್ತೇಳೇ. ಹೋಮಿಯೋಸ್ಟಾಸಿಸ್."
ಚರ್ಮದಡಿಯ ಸಣ್ಣ ನಾಳಗಳು ಅಗಲವಾಗುತ್ತವಂತೆ,
ಬೆವರು ಆರುತ್ತ ಸೆಕೆಯನ್ನು ಹೊತ್ತೊಯ್ಯುತ್ತದಂತೆ,
ಮಿದುಳಿನ ಬುಡದಲ್ಲಿ ಕೂತ ಯಾರೋ
ತಿರುಪು ತಿರುಗಿಸುತ್ತಲೇ ಇರುತ್ತಾರಂತೆ.

ಅದು ನನಗೆ ಗೊತ್ತು.
ಮೇಲಿನ ನೂಲು ಬಿಗಿದರೆ ಬಟ್ಟೆ ಸುರುಟುತ್ತದೆ,
ಬಾಬಿನ್ನು ಸಡಿಲಾದರೆ ಅಡಿಯಲ್ಲಿ ಕುಣಿಕೆ.
ಲಿನನ್ನಿಗೆ ಒಂದು ತಿರುಪು, ಟೆಟ್ರಾನಿಗೆ ಇನ್ನೊಂದು,
ಮಳೆ ಬಂದ ಅಪರೂಪದ ದಿನಕ್ಕೆ ಮತ್ತೊಂದು.

ರಾತ್ರಿ ಸಕ್ಕರೆ ನೋಡಲು ಬೆರಳು ಕೇಳಿದಳು.
ತೋರುಬೆರಳಿಗೆ ಚುಚ್ಚಿದಳು, ರಕ್ತ ಬರಲಿಲ್ಲ.
ಸೂಜಿ ತಿಂದೂ ತಿಂದೂ ಅಲ್ಲಿ ಜಡ್ಡುಗಟ್ಟಿದೆ.
ಕಿರುಬೆರಳು ಕೊಟ್ಟೆ. ಇನ್ನೂರ ಹನ್ನೆರಡು.
"ಹಲ್ವಾ ತಿಂದಿರಾ?"
ನಾನು ನೂಲು ಪೋಣಿಸುವುದರಲ್ಲಿದ್ದೆ.

ಕನ್ನಡಿ ಮುಂದೆ ನಿಲ್ಲಿಸಿದಳು, ಅಂಗೈ ಮುಂದಕ್ಕೆ.
"ಬಲ ಹೆಗಲು ತಗ್ಗಿದೆ ಉಪ್ಪಾ."
ಎಲ್ಲರದ್ದೂ ಒಂದು ತಗ್ಗಿಯೇ ಇರುತ್ತದೆ ಮಗಾ,
ಒಳಗಿನಿಂದ ಅರ್ಧ ಬೆರಳು ಬಟ್ಟೆ ಹೊಂದಿಸುತ್ತೇನೆ,
ಅವರಿಗೆ ಹೇಳುವುದಿಲ್ಲ, ಅಷ್ಟೆ.

ನನ್ನ ಕುತ್ತಿಗೆಯಿಂದ ಟೇಪು ಎಳೆದುಕೊಂಡಳು.
ಅಳತೆ ಪುಸ್ತಕದಲ್ಲಿ ಈವರೆಗೆ ನನ್ನ ಪುಟವಿರಲಿಲ್ಲ.
ಹೆಗಲು ಹದಿನೇಳೂವರೆ, ಬರೆದಳು.
ಎದೆ ಮೂವತ್ತೆಂಟು.
ಅದರ ಕೆಳಗೆ, ಅದೇ ಅಕ್ಷರದಲ್ಲಿ,
ಇನ್ನೂರ ಹನ್ನೆರಡು.