ನಡುಕ

ಪುಂಟಾ ಅರೆನಾಸಿನಲ್ಲಿ ಗಾಳಿ ಎದ್ದ ದಿನ
ಬೀದಿಗೆ ಹಗ್ಗ ಕಟ್ಟುತ್ತಾರೆ, ಹಿಡಿದು ನಡೆಯಲು.
ಹಾಗೆ ಹಿಡಿದೇ ಬೆಳಗಿನ ಪಾಳಿಗೆ ಬಂದೆ.

ಎಲೆಯುತೇರಿಯೋ ಮನ್ಸಿಯಾ, ಏಡಿ ಹಿಡಿಯುವವ,
ಬೋನೆತ್ತುವಾಗ ಹಗ್ಗ ಹರಿದು ಡೆಕ್ಕಿನ ಮೇಲೆ ಬಿದ್ದವ.
ಸೊಂಟದ ಮೊದಲ ಮಣಿ ಒಡೆದಿತ್ತು.
ಅರಿವಳಿಕೆಗೆ ಮುಂಚೆ ಕೇಳಿದ:
ಡಾಕ್ಟರು ಎಲ್ಲಿ?
ಸಾಂತಿಯಾಗೋದಲ್ಲಿ, ಅಂದೆ.
ಬರುವುದು ಯಾವಾಗ?
ಬಂದಾಯಿತಲ್ಲ, ಅಂದೆ, ತೋಳು ತೋರಿಸಿ.
ಅವನು ಅದನ್ನೇ ನೋಡಿದ
ದೊಡ್ಡ ಏಡಿಯನ್ನು ಅಳೆಯುವ ಹಾಗೆ,
ಎಲ್ಲಿ ಹಿಡಿದರೆ ಕಚ್ಚುವುದಿಲ್ಲ ಅಂತ.

ಪರದೆಯಲ್ಲಿ ಡಾಕ್ಟರ್ ಒತಿಲಿಯಾ ರಿಕೆಲ್ಮೆ,
ಕನ್ನಡಕ ಮೂಗಿನ ತುದಿಗೆ.
ಅವರು ಅಲ್ಲಿ ಹಿಡಿಕೆ ತಿರುವಿದರೆ ಇಲ್ಲಿ ತೋಳು ಬಾಗುತ್ತದೆ,
ನಡುವೆ ಎವೆ ಬಡಿಯುವಷ್ಟೂ ಹೊತ್ತಿಲ್ಲ.
ಒಂದು ತಿರುಪುಮೊಳೆ ಕೂತಿತು. ಇನ್ನೊಂದು.
ಮೂರನೆಯದು ಮೂಳೆಯ ಕಿರುದಾರಿಯಲ್ಲಿ ಅರ್ಧ ಇಳಿದಿತ್ತು,
ಗೋಡೆಯಾಚೆ, ಕೂದಲೆಳೆಯ ದೂರದಲ್ಲಿ
ಅವನ ಎರಡೂ ಕಾಲು.

ಆಗ ಅವರ ಹಿಂದಿನ ದೀಪ ತೂಗಾಡಿತು.
ಮೇಜಿನ ಲೋಟ ತಾನೇ ಹೊರಟು ಬಿತ್ತು.
ಭೂಕಂಪ. ಅಲ್ಲಿ.
ಕುರ್ಚಿ ನಡುಗಿತು, ಹೆಗಲು, ಮೊಣಕೈ,
ಹಿಡಿಕೆ ಹಿಡಿದ ಬೆರಳು, ನಾನೇ ಕಂಡೆ.
ಕೆಂಪು ಗುಂಡಿಯ ಮೇಲೆ ನನ್ನ ಕೈ.

ತೋಳು ಅಲುಗಲಿಲ್ಲ.
ನಡುಕವನ್ನು ಜರಡಿ ಹಿಡಿಯುವುದು ಅದಕ್ಕೆ ಗೊತ್ತಂತೆ:
ವಯಸ್ಸಾದ ಕೈಯದ್ದು, ನಿದ್ದೆಗೆಟ್ಟದ್ದು, ಕಾಫಿ ಕುಡಿದದ್ದು.
ಭೂಮಿಯದ್ದನ್ನೂ ಅದೇ ಲೆಕ್ಕಕ್ಕೆ ಹಾಕಿತೋ
ಅಥವಾ ಅಷ್ಟರಲ್ಲಿ ಅವರೇ
ಪೆಡಲಿನಿಂದ ಕಾಲು ತೆಗೆದಿದ್ದರೋ,
ಇವತ್ತಿಗೂ ಅವರು ಹೇಳುವುದಿಲ್ಲ.

ಅಲ್ಲೂ ಅಲುಗಿತಾ? ಕೇಳಿದರು.
ಇಲ್ಲ ಡಾಕ್ಟರ್, ಇಲ್ಲಿ ಬರೀ ಗಾಳಿ.
ಅಂಗೈಯನ್ನು ಕೋಟಿಗೆ ಒರೆಸಿಕೊಂಡರು.
ಬಾಗಿಲಾಚೆ ಜನ ಮೆಟ್ಟಿಲಿಳಿಯುವ ಸದ್ದು.
ಮೂರನೆಯದನ್ನು ಮುಗಿಸಿಬಿಡೋಣ, ಅಂದರು.

ಜರಡಿಯ ಮೇಲೆ ಉಳಿದದ್ದು ಎಲ್ಲಿಗೆ ಹೋಯಿತೋ.
ಸಂಜೆ ಮನೆಗೆ ಹೋಗುವಾಗ
ಹಗ್ಗ ಹಿಡಿದ ನನ್ನ ಬೆರಳು ನಿಲ್ಲಲೇ ಇಲ್ಲ.

ನಾಲ್ಕನೆಯ ದಿನ ಮನ್ಸಿಯಾ
ಎಡಗಾಲಿನ ಹೆಬ್ಬೆರಳು ಆಡಿಸಿದ,
ಮಗು ಹೊಸ ಹಲ್ಲು ತೋರಿಸುವ ಹಾಗೆ.
ಆಮೇಲೆ ಅವನಿಗೆ ಒಂದೇ ಚಿಂತೆ:
ಡಾಕ್ಟರಮ್ಮನಿಗೆ ಒಂದು ಒಳ್ಳೆಯ ಏಡಿ ಕಳಿಸಬೇಕು.
ಐಸು ತುಂಬಿದ ಪೆಟ್ಟಿಗೆ, ಬಸ್ಸು, ದೋಣಿ, ಮತ್ತೆ ಬಸ್ಸು,
ಮೂರು ದಿನವಾದರೂ ಬೇಕು.
ಕೆಟ್ಟುಹೋದರೆ? ಅಂದ.
ಅವರ ಕೈ ಬಂದ ದಾರಿಯಲ್ಲಿ
ಅದು ಹೋಗುವುದಿಲ್ಲವಾ?