ಬಾಗಿಲ ಹೊರಗಿನವರು

ನನ್ನ ಕೆಲಸ ಹೊರಗೆ.
ಮತಾನ್ಸಾಸ್ ಊರಿನ ಈ ಹಳೆಯ ಲಾಡ್ಜಿನ ಬಾಗಿಲಲ್ಲಿ
ಮೊಂಡು ಕತ್ತಿ ಹಿಡಿದು ನಿಲ್ಲುವುದು.
ಇದು ಈವರೆಗೆ ಕೊಯ್ದದ್ದು ಒಂದೇ ಸಲ,
ಎವೆಲಿಯೋನ ಎಪ್ಪತ್ತರ ಹುಟ್ಟುಹಬ್ಬಕ್ಕೆ ಅನಾನಸ್.

ಹಗಲು ಹಲ್ಲಿನ ಸೆಟ್ಟು ಮಾಡುತ್ತೇನೆ:
ಜಿಪ್ಸಮ್, ಮೇಣ, ಅರ.
ಯಾರ ಬಾಯಿಗೆ ಯಾವುದು ಕೂರುತ್ತದೆಂದು ಬಲ್ಲೆ.
ಬಾಯಿ ಮುಚ್ಚಿಕೊಂಡಿರುವುದೂ ಆಗಲೇ ರೂಢಿಯಾಯಿತು.

ಬೀದಿಯವರು ಕೇಳುತ್ತಾರೆ: ಒಳಗೆ ಏನು ನಡೆಯುತ್ತದೆ?
ಹೋತದ ಪೂಜೆಯೆ? ಚಿನ್ನವೆ? ಸರ್ಕಾರ ಉರುಳಿಸುವ ಮಾತೆ?
ಎದುರುಮನೆಯ ನೆರೇಯ್ದಾ ಮಾತ್ರ ಕೇಳಿದವಳಲ್ಲ.
ನಮ್ಮವನೇ ಆಗಿದ್ದ ಗಂಡ ಸತ್ತ ಮೇಲೆ
ತಿಂಗಳಿಗೊಂದು ಪೊಟ್ಟಣ ಅವಳ ಕಿಟಕಿಯಲ್ಲಿ:
ಬಿಪಿ ಮಾತ್ರೆ, ಹಾಲಿನ ಪುಡಿ, ಒಮ್ಮೊಮ್ಮೆ ಸೋಪು.
ಯಾರಿಟ್ಟರೆಂದು ತಿಳಿಯದವಳಂತೆ ಅವಳು,
ಇಟ್ಟೇ ಇಲ್ಲದವರಂತೆ ನಾವು.
ಇದಕ್ಕಿಂತ ದೊಡ್ಡ ಗುಟ್ಟು ನಮ್ಮಲ್ಲಿದ್ದರೆ
ಇಪ್ಪತ್ತಾರು ವರ್ಷ ಬಾಗಿಲು ಕಾದ ನನಗೆ ಗೊತ್ತಿಲ್ಲ.

ಒಳಗೆ ಎರಡು ಕಲ್ಲುಗಳಿವೆ, ಒಂದು ಒರಟು, ಒಂದು ನಯ.
ಒರಟು ಕಲ್ಲು ನೀನು ಎನ್ನುತ್ತಾರೆ ಹೊಸಬನಿಗೆ.
ನಯವಾದದ್ದು ಯಾರೆಂದು ಇನ್ನೂ ಯಾರೂ ಹೇಳಿಲ್ಲ.
ಮೂಲೆಮಟ್ಟ, ತೂಗುಗುಂಡು, ಗ್ರಂಥದ ಮೇಲೆ ಕೈವಾರ;
ಹೆಸರಿಗೆ ಕೈವಾರ, ಯಾರನ್ನೂ ಕೈವಾರಿಸುವಂತಿಲ್ಲ.
ಧರ್ಮದ ಜಗಳ, ರಾಜಕೀಯ,
ಒದ್ದೆ ಕೊಡೆಯಂತೆ ನನ್ನ ಬಳಿ ಬಿಟ್ಟು ಹೋಗಬೇಕು.
ದಾಗೋಬೆರ್ತೋಗೂ ಅವನ ಭಾವಮೈದನಿಗೂ
ಒಂಬತ್ತು ವರ್ಷದಿಂದ ಮಾತಿಲ್ಲ, ಒಂದು ಫ್ರಿಜ್ಜಿನ ವಿಷಯ.
ಒಳಗೆ 'ಸಹೋದರ' ಎಂದು ಕರೆದುಕೊಳ್ಳುತ್ತಾರೆ,
ಹೊರಬಂದು ಬೀದಿಯ ಒಂದೊಂದು ಬದಿ ಹಿಡಿಯುತ್ತಾರೆ.
ಇದು ಸೋಲು ಅಂದುಕೊಂಡಿದ್ದೆ.
ಈಗ, ತಿಂಗಳಿಗೆರಡು ಸಂಜೆಯಾದರೂ ಆಯಿತಲ್ಲ,
ಎಂದು ಲೆಕ್ಕ ಬರೆದುಕೊಳ್ಳುತ್ತೇನೆ.

ನಿನ್ನೆ ಹೊಸಬನೊಬ್ಬ ಬಂದ,
ಯೊಯೆಲ್ವಿಸ್, ಸೈಕಲ್ ರಿಕ್ಷಾ ರಿಪೇರಿಯವನು.
ಕಣ್ಣಿಗೆ ಬಟ್ಟೆ ಕಟ್ಟಿದವನು ನಾನು.
ಉಂಗುರ, ಗಡಿಯಾರ, ಬೆಲ್ಟು, ಜೇಬಿನ ಸ್ಪ್ಯಾನರು,
ಲೋಹವೆಲ್ಲ ನನ್ನ ಹ್ಯಾಟಿನೊಳಗೆ.
ಪ್ಯಾಂಟಿನ ಒಂದು ಕಾಲು ಮಡಿಸಿದೆ;
ಗ್ರೀಸು ತೆಗೆಯಲು ಉಜ್ಜಿ ಉಜ್ಜಿ
ಕೆಂಪಾಗಿತ್ತು ಮೊಣಕಾಲು.
"ನಗಬಹುದಾ?" ಎಂದ.
"ನಿನ್ನಿಷ್ಟ" ಎಂದೆ. ಮೂರು ಸಲ ಬಾಗಿಲು ತಟ್ಟಿದೆ.

ಆಮೇಲೆ ಕಿವಿ ಮಾತ್ರ ನನ್ನದು.
ಬಡವರಿಗೆ ಏನಾದರೂ ಕೊಡು, ಎಂದರು ಅವನಿಗೆ.
ಜೇಬು ತಡಕಿದ; ಬರೀ ಬಟ್ಟೆಯ ಸದ್ದು.
"ಏನೂ ಇಲ್ಲ."
ಆ ದನಿ ನನಗೆ ಗೊತ್ತು, ನಾವೆಲ್ಲ ಅದೇ ದನಿಯಲ್ಲಿ ಹೇಳಿದ್ದೆವು.
ನೆನಪಿಡು, ಎಂದರು, ನಿನ್ನೆದುರು ಯಾರಾದರೂ
ಹೀಗೆ ಹೇಳುವ ದಿನ.

ಕೊನೆಗೆ ಆ ಪ್ರಶ್ನೆ: ಎಲ್ಲಕ್ಕಿಂತ ನಿನಗೆ ಬೇಕಾದ್ದೇನು?
"ಬೆಳಕು."
ಬಟ್ಟೆ ಬಿಚ್ಚುವುದಕ್ಕೂ
ಇಡೀ ಬಡಾವಣೆಯ ಕರೆಂಟು ಹೋಗುವುದಕ್ಕೂ
ಸರಿಹೋಯಿತು.

ಮೇಣದಬತ್ತಿ ಸಿಗದೆ ಬಲ್ಬು ಕೂರಿಸಿದ್ದೆವು ಮೂರು ಕಂಬಕ್ಕೂ.
ಬೀದಿಯುದ್ದಕ್ಕೂ ಬೈಗುಳ, ಎಲ್ಲೋ ಪಾತ್ರೆ ಬಿದ್ದ ಸದ್ದು.
ಒಳಗೆ ಮೌನ. ವಿಧಿಯ ಪುಸ್ತಕದಲ್ಲಿ ಇದಕ್ಕೆ ಸಾಲಿಲ್ಲ.
ಮೂಡಣ ಪೀಠದ ಎವೆಲಿಯೋ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ.
"ಬಟ್ಟೆ ಬಿಚ್ಚಿದ್ದೀರಾ, ಇಲ್ಲವಾ?" ಎಂದ ಹೊಸಬ.
ಹನ್ನೊಂದು ಮುದುಕರು ನಕ್ಕರು;
ಹೊರಗೆ ನಾನೂ, ಕತ್ತಿ ಸಮೇತ.

ಅಷ್ಟರಲ್ಲಿ ಚಪ್ಪಲಿ ಎಳೆಯುವ ಸದ್ದು:
ನೆರೇಯ್ದಾ, ಕೈಯಲ್ಲಿ ಸೀಮೆಎಣ್ಣೆ ದೀಪ, ಅಂಗೈ ಮರೆ.
ಹೆಂಗಸರು ಒಳಗೆ ಹೋಗುವಂತಿಲ್ಲ, ಎನ್ನಲು ಬಾಯಿ ತೆರೆದೆ.
"ಹೋಗಲು ಯಾರು ಕೇಳಿದರು? ಹಿಡಿ."

ತಟ್ಟಿದೆ. ಬಾಗಿಲು ಒಂದು ಗೇಣು ತೆರೆಯಿತು,
ದೀಪ ಕೈಯಿಂದ ಕೈಗೆ ಹೋಯಿತು.
ಯಾರದು ಎಂದು ಅವರು ಕೇಳಲಿಲ್ಲ,
ಯಾರದೆಂದು ನಾನು ಹೇಳಲಿಲ್ಲ.
ಬಾಗಿಲ ಸಂದಿನಲ್ಲಿ ಹಳದಿ ಗೆರೆಯೊಂದು ಮೂಡಿತು,
ಒಳಗೆ ಯಾರೋ ಉಸಿರೆಳೆದುಕೊಂಡರು, ಹುಡುಗನೇ ಇರಬೇಕು.

ಇಬ್ಬರೂ ಮೆಟ್ಟಿಲ ಮೇಲೆ ಕೂತೆವು ಕತ್ತಲಲ್ಲಿ,
ನನ್ನ ತೊಡೆಯ ಮೇಲೆ ಅವನ ಸ್ಪ್ಯಾನರಿನ ಹ್ಯಾಟು.
ತುಂಬ ಹೊತ್ತಾದ ಮೇಲೆ
ಮೊದಲ ಸಲ ಕೇಳಿದಳು:
"ಒಳಗೆ ಏನು ಮಾಡುತ್ತಾರೆ?"
ಉತ್ತರ ಹುಡುಕುತ್ತಿದ್ದೆ, ಅಷ್ಟರಲ್ಲಿ ಅವಳೇ ಎಂದಳು:
"ಬೇಗ ಮುಗಿಸಲು ಹೇಳು.
ಎಣ್ಣೆ ಬೆಳಗಿನ ಕಾಫಿಗೂ ಬೇಕು."