ನಿಂತ ಸೈಕಲ್ಲಿನ ಲೆಕ್ಕ

ನೌಕಾನೆಲೆಯ ಯಾರೋ ಸಾಹೇಬರಿಗೆ ವರ್ಗವಾಯಿತು.
ಹೋಗುವಾಗ ಮಾರಿಹೋದ ಕಬ್ಬಿಣದ ಸ್ಟ್ಯಾಂಡನ್ನು
ನಮ್ಮ ಗುರುದಾಸ ಅರ್ಧ ಬೆಲೆಗೆ ತಂದ.
ಅದಕ್ಕೆ ಹಿಂದಿನ ಚಕ್ರ ಸಿಕ್ಕಿಸಿದರೆ
ಮನೆಯೊಳಗೇ ಸೈಕಲ್ ಹೊಡೆಯಬಹುದಂತೆ.

ಜೂನ್. ಬೋಟುಗಳು ಬೈತಖೋಲಿನಲ್ಲಿ ಕಟ್ಟಿಬಿದ್ದಿವೆ,
ಬಿಣಗಾ ಘಟ್ಟದಲ್ಲಿ ರಸ್ತೆಗಿಂತ ನೀರೇ ಜಾಸ್ತಿ,
ತನುಜಾಳಿಗೆ ಅಕ್ಟೋಬರಿನಲ್ಲಿ ರೇಸು.
ಹೀಗಾಗಿ ನನ್ನ ಹೊಲಿಗೆಕೋಣೆಯ ಅರ್ಧ ಅವಳದ್ದು.

ಕಂಪ್ಯೂಟರ್ ಎಂದರೆ ದೊಡ್ಡ ಮಾತಾಯಿತು:
ಬೆಂಕಿಪೊಟ್ಟಣದಷ್ಟು ಡಬ್ಬಿ, ವೈರಿಲ್ಲ,
ಹ್ಯಾಂಡಲ್ ಮೇಲೆ ಕೂತು ವೇಗ ಹೇಳುತ್ತದೆ.
ಮೊದಲ ದಿನ ನಲವತ್ತು ನಿಮಿಷ ತುಳಿದಳು,
ಬೆವರು ನೆಲಕ್ಕಿಳಿದು
ನಾನು ಕತ್ತರಿಸಿಟ್ಟ ಲೈನಿಂಗಿನವರೆಗೆ ಬಂತು.
ಡಬ್ಬಿ ಹೇಳಿತು: ಸೊನ್ನೆ.

ಸರಿಯೇ. ಅದರ ಕಣ್ಣು ಮುಂದಿನ ಚಕ್ರದ ಮೇಲೆ,
ಮುಂದಿನ ಚಕ್ರ ನಮ್ಮ ಊಟದ ಮಣೆಯ ಮೇಲೆ, ಸುಮ್ಮನೆ.
ದುಡಿಯುವುದು ಹಿಂದಿನದು.
ಸೆನ್ಸರ್ ಬಿಚ್ಚಿ ಹಿಂದಕ್ಕೆ ಕಟ್ಟಿದೆವು.

ಕಡ್ಡಿಗೆ ಸಿಕ್ಕಿಸುವ ಅಯಸ್ಕಾಂತ ಕೈಜಾರಿ
ಗುಂಡುಸೂಜಿಯ ಡಬ್ಬಿಗೆ ಬಿತ್ತು,
ಎತ್ತಿದರೆ ಮುಳ್ಳುಹಂದಿ.
ಒಂದೊಂದೇ ಸೂಜಿ ಬಿಡಿಸಿ, ನೈಲಾನ್ ದಾರ ಏಳು ಸುತ್ತು,
ಗುಂಡಿ ಹಚ್ಚುವಾಗ ಹಾಕುವ ಗಂಟನ್ನೇ ಹಾಕಿದೆ.

ಆಮೇಲೆ ಚಕ್ರದ ಸುತ್ತಳತೆ. ಅಳತೆ ನನ್ನ ಇಲಾಖೆ.
ಹತ್ತಿ ಕೂರು ಅಂದೆ, ಖಾಲಿ ಚಕ್ರ ಸುಳ್ಳು ಹೇಳ್ತದೆ;
ಉಸಿರು ಬಿಡಿ ಎಂದು ಗಿರಾಕಿಗಳಿಗೆ ಹೇಳುವ ಹಾಗೆ.
ಟೈರಿಗೊಂದು ಸುಣ್ಣದ ಗೀಟು, ನೆಲಕ್ಕೊಂದು ಗೀಟು,
ಒಂದೇ ಉರುಳು, ಮತ್ತೊಂದು ಗೀಟು.
ನನ್ನ ಟೇಪಿನ ಮೊದಲ ಇಂಚು ಸವೆದುಹೋಗಿದೆ,
ಎರಡನೆಯದರಿಂದ ಹಿಡಿದು ಕಳೆದೆ:
ಎರಡು ಸಾವಿರದ ನೂರಾ ಐದು ಮಿಲಿಮೀಟರ್.

ಆದರೂ ಸುದ್ದಿ ಹ್ಯಾಂಡಲ್‌ವರೆಗೆ ಮುಟ್ಟಲಿಲ್ಲ.
ಒಂದು ಗಜ ದಾಟಲಾರದ ದನಿ ಅದರದ್ದು.
ಟ್ಯೂಬ್‌ಲೈಟ್ ಹಾಕಿದರೆ ಮಾತ್ರ
ನಿಂತ ಸೈಕಲ್ಲಿಗೆ ಎಪ್ಪತ್ತನಾಲ್ಕರ ವೇಗ!
ಗುರುದಾಸ ನಕ್ಕು ನಕ್ಕು ಚಹಾ ಚೆಲ್ಲಿದ.
ಕೊನೆಗೆ ಡಬ್ಬಿಯನ್ನು ಸೀಟಿನ ಕೆಳಗೆ, ಅವಳ ಬೆನ್ನಹಿಂದೆ ಕಟ್ಟಿದೆವು.
ಅವಳಿಗೆ ಕಾಣದು. ನನಗೆ ಕಾಣುತ್ತದೆ.
ಕಾಲರ್ ತಿರುಗಿಸುತ್ತ ಕೂಗುತ್ತೇನೆ:
ಇಪ್ಪತ್ತೆಂಟು... ಇಪ್ಪತ್ತಾರು...
ಏನಾಯ್ತೇ, ಇಪ್ಪತ್ತಮೂರು!
ಬೆನ್ನು ಬಗ್ಗುತ್ತದೆ. ಇಪ್ಪತ್ತೊಂಬತ್ತು.

ಮೊನ್ನೆ ರಾತ್ರಿ ಎಲ್ಲ ಮಲಗಿದ ಮೇಲೆ
ಡಬ್ಬಿ ಬಿಚ್ಚಿದೆ, ಸೆನ್ಸರ್ ಬಿಚ್ಚಿದೆ,
ಅಯಸ್ಕಾಂತವನ್ನು ನನ್ನ ಮಶೀನಿನ ಕೆಳಗಿನ ದೊಡ್ಡ ಚಕ್ರಕ್ಕೆ ಕಟ್ಟಿದೆ.
ಸುತ್ತಳತೆ ತೊಂಬತ್ತೈದು ಸೆಂಟಿಮೀಟರ್.
ಟ್ಯೂಬ್‌ಲೈಟ್ ಬೇಡ, ಮೊಬೈಲಿನ ದೀಪ ಸಾಕು.
ರೋಡ್ರಿಗಸ್ ಟೀಚರ ಬ್ಲೌಸಿಗೆ ಕೂತೆ.
ವೇಗ ಏಳು. ತೋಳು ಕೂಡಿಸುವಲ್ಲಿ ಮೂರು.
ನೇರ ಹೊಲಿಗೆಗೆ ಒಂಬತ್ತೂ ಬಂತು,
ಕೂಗುವವರಿಲ್ಲ, ನಾನೇ ಸಣ್ಣಗೆ ಹೇಳಿಕೊಂಡೆ.
ಹುಕ್ಕು, ಕಾಜಾ ಬಿಟ್ಟು
ಒಂದು ಬ್ಲೌಸಿಗೆ ಎರಡೂಕಾಲು ಕಿಲೋಮೀಟರ್.
ಅಂದರೆ ಇಲ್ಲಿಂದ ಕಾಳಿ ಸೇತುವೆಯ ಹತ್ತಿರ ಹತ್ತಿರ.
ಇಪ್ಪತ್ತೆರಡು ವರ್ಷಕ್ಕೆ ಎಷ್ಟು ಬ್ಲೌಸು,
ಗುಣಿಸಲು ಹೋಗಲಿಲ್ಲ.
ಇನ್ನೊಂದು ಸೀರೆಗೆ ಫಾಲ್ ಹಚ್ಚುವುದು ಬಾಕಿ ಇತ್ತು.

ಬೆಳಗಾಗುವ ಮೊದಲೇ ಎಲ್ಲ ಇದ್ದಲ್ಲಿ ಕಟ್ಟಿಟ್ಟೆ,
ಎರಡು ಸಾವಿರದ ನೂರಾ ಐದು, ತಪ್ಪಿಲ್ಲದೆ.
ಆದರೆ ಒಟ್ಟು ದೂರದ ಅಂಕಿ ಹಿಂದಕ್ಕೆ ಬರುವುದಿಲ್ಲವಂತೆ,
ಅದನ್ನು ಅಳಿಸುವ ಗುಂಡಿಯೇ ಇಲ್ಲ.
ತನುಜಾ ಡಬ್ಬಿ ನೋಡಿದಳು. ತನ್ನ ನೋಟುಬುಕ್ಕು ನೋಡಿದಳು.
ಮಶೀನಿನ ಚಕ್ರದಲ್ಲಿ ಉಳಿದಿದ್ದ ನೈಲಾನ್ ತುಂಡು ನೋಡಿದಳು.
ಏನೂ ಕೇಳಲಿಲ್ಲ.
ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತುಳಿ ಅಂದಳು,
ಬಗ್ಗಿ ಮಂಡಿಯನ್ನೇ ನೋಡಿದಳು.
"ಸೀಟು ತಗ್ಗಾಯ್ತು ಅತ್ತೆ, ಅದಕ್ಕೇ ನೋಯ್ತದೆ"
ಎಂದು ಗೋಣಿಚೀಲ ಮಡಚಿ ಕೆಳಗಿಟ್ಟಳು.

ಎರಡು ಇಂಚು.
ಆಮೇಲೆ ಅಳೆದು ನೋಡಿದೆ.